ಹೆಸರು ಒಂದೇ, ತೋಟಾ ಬೇರೆ

ಪೋಲೀಸ್ ಠಾಣೆಯ ಬಾಗಿಲಿನಲ್ಲಿ, ಸರ್ಕಾರಿ ಖಜಾನೆಯ ಜಗಲಿಯ ಮೇಲೆ, ಚುನಾವಣೆಯ ದಿನ ಮತಗಟ್ಟೆಯ ಮುಂದೆ ಪಹರೆ ನಿಂತ ಜವಾನನ ಹೆಗಲಿನಲ್ಲಿ ನಮ್ಮ ದೇಶದ ಮೂರು ತಲೆಮಾರಿನ ಜನ ಒಂದೇ ಬಂದೂಕನ್ನು ಕಂಡಿದ್ದಾರೆ. ಓದುಬರಹ ಬಾರದವರಿಗೂ ಅದರ ಹೆಸರು ಗೊತ್ತು: ತ್ರೀ ನಾಟ್ ತ್ರೀ. 1888ರಲ್ಲಿ ಬ್ರಿಟಿಷ್ ಸೇನೆಯನ್ನು ಸೇರಿದ ಆ ತೋಟಾ ಎರಡು ಮಹಾಯುದ್ಧಗಳನ್ನು ಕಂಡು, ಅನಂತರವೂ ಠಾಣೆಗಳಲ್ಲಿ ಬಹುಕಾಲ ಬಾಳಿತು. ಉತ್ತರ ಪ್ರದೇಶದ ಪೋಲೀಸರು ಅದನ್ನು ವಿಧ್ಯುಕ್ತವಾಗಿ ಬೀಳ್ಕೊಟ್ಟುದು 2020ರ ಗಣರಾಜ್ಯೋತ್ಸವದಂದು.

ಇಷ್ಟು ಪರಿಚಿತವಾದ ಈ ಹೆಸರಿನ ಅರ್ಥವೇನೆಂದು ಕೇಳಿದರೆ, ಗುಂಡಿನ ವ್ಯಾಸ ಒಂದು ಅಂಗುಲದ ಸಾವಿರ ಭಾಗಗಳಲ್ಲಿ 303 ಭಾಗ ಎಂದು ಬಲ್ಲವರೂ ಉತ್ತರ ಹೇಳುವುದುಂಟು. ಆದರೆ ಆ ಗುಂಡನ್ನು ಸೂಕ್ಷ್ಮಮಾಪಕದಲ್ಲಿಟ್ಟು ಅಳೆದರೆ ದೊರೆಯುವ ಅಂಕಿ 303 ಅಲ್ಲ. 311 ಅಥವಾ 312. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೆ ಗತಿಯಿಲ್ಲ ಎಂಬ ಗಾದೆಯಂತೆ, ಹೆಸರಿಗೂ ವಸ್ತುವಿಗೂ ಇಲ್ಲಿ ಹೊಂದಾಣಿಕೆಯಿಲ್ಲ. ಇದು ಕೇವಲ ಅಂಕಿಗಳ ವಿನೋದವಾಗಿದ್ದರೆ ಚಿಂತೆಯಿರಲಿಲ್ಲ. ಹೆಸರನ್ನು ಅಳತೆಯೆಂದು ನಂಬಿ ತಪ್ಪು ತೋಟಾವನ್ನು ತುಂಬಿದವನ ಕಣ್ಣು, ಬೆರಳು, ಕೆಲವು ವೇಳೆ ಪ್ರಾಣವೇ ಹೋಗುವ ಸಂಭವವಿರುವುದರಿಂದ ಈ ಹೆಸರುಗಳ ಚರಿತ್ರೆಯನ್ನು ತುಸು ವಿಚಾರಿಸುವುದು ಯುಕ್ತ.

ತೋಟಾ ಎಂಬುದು ನಾಲ್ಕು ಅಂಗಗಳ ಕೂಟ. ತಳದಲ್ಲಿ ಕಿಡಿ ಹುಟ್ಟಿಸುವ ಕೇಪು, ಅದನ್ನು ಹಿಡಿದಿರುವ ಹಿತ್ತಾಳೆಯ ಕೋಶ, ಕೋಶದೊಳಗೆ ಮದ್ದು, ಕೋಶದ ಬಾಯಿಯಲ್ಲಿ ಕಚ್ಚಿ ಕುಳಿತ ಗುಂಡು. ಬಂದೂಕಿನ ನಳಿಗೆಯ ಹಿಂತುದಿಯಲ್ಲಿ ಈ ತೋಟಾ ಸರಿಯಾಗಿ ಕೂಡುವಂತೆ ಒಂದು ಗೂಡನ್ನು ಕೊರೆದಿರುತ್ತಾರೆ. ರೈಫಲಿನ ನಳಿಗೆಯ ಒಳಮೈ ನುಣುಪಾಗಿರುವುದಿಲ್ಲ. ಅದರಲ್ಲಿ ಸುರುಳಿಯಾಕಾರದ ತೋಡುಗಳಿರುತ್ತವೆ. ಗುಂಡು ಆ ತೋಡುಗಳಿಗೆ ಕಚ್ಚಿಕೊಂಡು ಬುಗುರಿಯಂತೆ ತಿರುಗುತ್ತ ಹೊರಬೀಳುವುದರಿಂದಲೇ ಅದಕ್ಕೆ ನೇರವಾದ ಗತಿ.

ಹೀಗಾಗಿ ಒಂದೇ ನಳಿಗೆಗೆ ಎರಡು ವ್ಯಾಸಗಳು. ತೋಡುಗಳ ನಡುವಣ ದಿಣ್ಣೆಯಿಂದ ಎದುರು ದಿಣ್ಣೆಗೆ ಅಳೆದರೆ ಒಂದು. ತೋಡಿನ ತಳದಿಂದ ಎದುರು ತಳಕ್ಕೆ ಅಳೆದರೆ ಇನ್ನೊಂದು, ತುಸು ದೊಡ್ಡದು. ಗುಂಡು ಸಾಮಾನ್ಯವಾಗಿ ಈ ದೊಡ್ಡ ಅಳತೆಗೆ ಹತ್ತಿರವಾಗಿರುತ್ತದೆ. ಬ್ರಿಟಿಷರು .303 ಎಂದು ಹೆಸರಿಟ್ಟುದು ದಿಣ್ಣೆಗಳ ಅಳತೆಯಿಂದ. ಅಮೆರಿಕದ ವಿಂಚೆಸ್ಟರ್ ಸಂಸ್ಥೆ 1952ರಲ್ಲಿ .308 ಎಂಬ ತೋಟಾವನ್ನು ತಂದಾಗ ಹೆಸರಿಟ್ಟುದು ತೋಡುಗಳ ಅಳತೆಯಿಂದ, ಅಂದರೆ ಗುಂಡಿನ ನಿಜವಾದ ವ್ಯಾಸದಿಂದ. ಪರಿಣಾಮವಾಗಿ, ಹೆಸರಿನಲ್ಲಿ ಚಿಕ್ಕದಾದ .303ರ ಗುಂಡು, ಹೆಸರಿನಲ್ಲಿ ದೊಡ್ಡದಾದ .308ರ ಗುಂಡಿಗಿಂತ ದಪ್ಪ! ಸಾಲದುದಕ್ಕೆ, ಅಮೆರಿಕದಲ್ಲಿಯೇ ಸ್ಯಾವೇಜ್ ಎಂಬ ಸಂಸ್ಥೆ .303 ಎಂಬ ಹೆಸರಿನ ಮತ್ತೊಂದು ತೋಟಾವನ್ನು 19ನೆಯ ಶತಮಾನದ ಕೊನೆಯಲ್ಲಿ ಮಾರುಕಟ್ಟೆಗೆ ತಂದಿತ್ತು. ಅದರ ಕೋಶ ಬೇರೆ, ಗುಂಡು ಬೇರೆ. ಒಂದೇ ಓಣಿಯಲ್ಲಿ ಇಬ್ಬರು ರಾಮಣ್ಣರಿದ್ದರೆ ಅಂಚೆಯವನು ಮನೆತನದ ಹೆಸರನ್ನು ಕೇಳುತ್ತಾನಲ್ಲವೆ? ಇಲ್ಲಿಯೂ ಬ್ರಿಟಿಷ್ ಎಂದೋ ಸ್ಯಾವೇಜ್ ಎಂದೋ ಮನೆತನವನ್ನು ಸೇರಿಸಿ ಹೇಳದಿದ್ದರೆ ಅಂಕಿಯೊಂದರಿಂದಲೇ ಗುರುತು ಹತ್ತುವುದಿಲ್ಲ.

ಎರಡು ಅಂಕಿಗಳುಳ್ಳ ಹೆಸರುಗಳನ್ನು ನೋಡಿದರೆ ಗೊಂದಲ ಮತ್ತೂ ಹೆಚ್ಚುತ್ತದೆ. .30-30 ಎಂಬುದು ಅಮೆರಿಕದ ಜಿಂಕೆ ಬೇಟೆಗಾರರ ಅಚ್ಚುಮೆಚ್ಚಿನ ತೋಟಾ. ಅದರ ಮೊದಲ 30 ನಳಿಗೆಯ ವ್ಯಾಸವಾದರೆ ಎರಡನೆಯ 30 ಒಳಗೆ ತುಂಬುತ್ತಿದ್ದ ಮದ್ದಿನ ತೂಕ, ಗ್ರೇನುಗಳಲ್ಲಿ. ಗ್ರೇನೆಂದರೆ ಅಕ್ಕಸಾಲಿಗರ ಗುಲಗಂಜಿಯ ತೂಕದಲ್ಲಿ ಸುಮಾರು ಅರ್ಧ. 1873ರ .45-70 ತೋಟಾದಲ್ಲಿಯೂ 70 ಎಂಬುದು ಕರಿಮದ್ದಿನ ತೂಕವೇ. ಈ ಕ್ರಮವನ್ನು ಕಲಿತವನು .30-06 ಎಂಬ ಹೆಸರನ್ನು ಕಂಡು, ಇದರಲ್ಲಿ ಆರೇ ಗ್ರೇನು ಮದ್ದು ಎಂದು ತಿಳಿದರೆ ಮೋಸಹೋದಂತೆ. ಅಲ್ಲಿನ 06 ಮದ್ದಿನ ತೂಕವಲ್ಲ, ಇಸವಿ. ಅಮೆರಿಕದ ಸೇನೆ ಅದನ್ನು ಅಂಗೀಕರಿಸಿದ 1906ನೆಯ ವರ್ಷ. .250-3000 ಎಂಬ ಸ್ಯಾವೇಜ್ ತೋಟಾದಲ್ಲಿ ಎರಡನೆಯ ಅಂಕಿ ತೂಕವೂ ಅಲ್ಲ, ಇಸವಿಯೂ ಅಲ್ಲ, ಅದು ವೇಗ. ಗುಂಡು ಸೆಕೆಂಡಿಗೆ 3,000 ಅಡಿ ಹಾರುತ್ತದೆಂಬ ಜಾಹೀರಾತನ್ನು 1915ರಲ್ಲಿ ಹೆಸರಿನಲ್ಲಿಯೇ ಅಡಕಮಾಡಲಾಯಿತು.

ಇನ್ನು ತಾಯಿಯ ಹೆಸರನ್ನು ಹೊತ್ತ ತೋಟಾಗಳಿವೆ. ಹಳೆಯ ದಪ್ಪ ಕೋಶದ ಕುತ್ತಿಗೆಯನ್ನು ಹಿಸುಕಿ ಚಿಕ್ಕ ಗುಂಡನ್ನು ಕೂಡಿಸುವುದು ತೋಟಾ ತಯಾರಕರ ಹಳೆಯ ವಿದ್ಯೆ. ಬ್ರಿಟಿಷರು 1871ರ ಮಾರ್ಟಿನಿ-ಹೆನ್ರಿ ಬಂದೂಕಿಗಾಗಿ .577 ಕೋಶವನ್ನು .450ಕ್ಕೆ ಇಳಿಸಿದಾಗ ಅದನ್ನು .577/450 ಎಂದು ಕರೆದರು. ತಾಯಿಯ ಹೆಸರು ಮೊದಲು, ಮಗಳದು ಆಮೇಲೆ. ಅಮೆರಿಕನರು .250 ಸ್ಯಾವೇಜ್ ಕೋಶವನ್ನು .22ಕ್ಕೆ ಇಳಿಸಿ .22-250 ಎಂದು ಹೆಸರಿಟ್ಟರು. ಮಗಳು ಮೊದಲು, ತಾಯಿ ಆಮೇಲೆ. ಒಂದು ದೇಶದ ವ್ಯಾಕರಣವನ್ನು ಇನ್ನೊಂದು ದೇಶದ ಹೆಸರಿಗೆ ಹಚ್ಚಿ ಓದಿದವನಿಗೆ ತಿರುವುಮುರುವಾದ ಅರ್ಥವೇ ದೊರೆಯುತ್ತದೆ.

ಹೆಸರುಗಳ ಈ ಸಂತೆಗೆ ನಮ್ಮ ದೇಶವೂ ತನ್ನ ಪಾಲನ್ನು ಸಲ್ಲಿಸಿದೆ. 1898ರಲ್ಲಿ ಲಂಡನ್ನಿನ ರಿಗ್ಬಿ ಸಂಸ್ಥೆ ಆನೆ, ಕಾಟಿಗಳಂಥ ದೊಡ್ಡ ಪ್ರಾಣಿಗಳ ಬೇಟೆಗಾಗಿ .450 ವ್ಯಾಸದ ಪ್ರಬಲವಾದ ತೋಟಾವೊಂದನ್ನು ಹೊರತಂದಿತು. 480 ಗ್ರೇನಿನ ಗುಂಡು, ಸೆಕೆಂಡಿಗೆ 2,150 ಅಡಿಯ ವೇಗ. ಆದರೆ ದಂಗೆಕೋರರ ಕೈಸೇರಿದ್ದ ಹಳೆಯ ಮಾರ್ಟಿನಿ-ಹೆನ್ರಿ ಬಂದೂಕುಗಳ ವ್ಯಾಸವೂ .450ಯೇ. ಶಿಕಾರಿಯ ಹೆಸರಿನಲ್ಲಿ ಬಂದ ಗುಂಡುಗಳು ಆ ಬಂದೂಕುಗಳಿಗೆ ಆಹಾರವಾದಾವೆಂದು ಹೆದರಿದ ಬ್ರಿಟಿಷ್ ಸರ್ಕಾರ, 20ನೆಯ ಶತಮಾನದ ಮೊದಲ ದಶಕದಲ್ಲಿ ಭಾರತಕ್ಕೂ ಸುಡಾನಿಗೂ .450 ತೋಟಾಗಳು ಬರುವುದನ್ನು ನಿಷೇಧಿಸಿತು.

ಕಾಯಿದೆ ತಡೆದುದು ಒಂದು ಅಂಕಿಯನ್ನು, ಬೇಟೆಯ ಹಂಬಲವನ್ನಲ್ಲ. ಬಂದೂಕು ತಯಾರಿಸುವ ಪ್ರತಿಯೊಂದು ಮನೆತನವೂ ಆ ಅಂಕಿಯನ್ನು ತುಸು ಸರಿಸಿ ತನ್ನದೇ ತೋಟಾವನ್ನು ಹೊರಡಿಸಿತು. .465, .470, .475, .476 ಎಂಬ ಹೆಸರುಗಳು ಮಾರುಕಟ್ಟೆಯಲ್ಲಿ ಸಾಲುಗಟ್ಟಿದವು. ಇವುಗಳಲ್ಲಿ ಹೆಚ್ಚಿನವು ಮಾಡುವ ಕೆಲಸ ಒಂದೇ; ಸುಮಾರು 500 ಗ್ರೇನಿನ ಗುಂಡನ್ನು ಸೆಕೆಂಡಿಗೆ 2,100ರಿಂದ 2,200 ಅಡಿ ವೇಗದಲ್ಲಿ ಎಸೆಯುವುದು. ಆದರೆ ಒಂದರ ತೋಟಾ ಇನ್ನೊಂದರ ಗೂಡಿಗೆ ಸಲ್ಲದು. .470ರ ಗುಂಡಿನ ವ್ಯಾಸ ಸುಮಾರು .475 ಎಂಬುದನ್ನೂ, .475 ಎಂಬ ಹೆಸರಿನಲ್ಲಿಯೇ ಒಂದಕ್ಕಿಂತ ಹೆಚ್ಚು ಬಗೆಗಳಿದ್ದುವೆಂಬುದನ್ನೂ ನೆನೆದರೆ, ಹಡಗಿನಲ್ಲಿ ತಿಂಗಳುಗಟ್ಟಲೆ ಕಾದು ತೋಟಾ ತರಿಸಿಕೊಳ್ಳುತ್ತಿದ್ದ ಆ ಕಾಲದ ಶಿಕಾರಿಯ ಪಾಡನ್ನು ಊಹಿಸಿಕೊಳ್ಳಬಹುದು. ಪತ್ರದಲ್ಲಿ ಒಂದು ಅಂಕಿ ತಪ್ಪಿದರೆ ಆ ವರ್ಷದ ಶಿಕಾರಿಯೇ ಕೈಬಿಟ್ಟಂತೆ.

ಒಂದು ಹೆಸರಿಗೆ ಹಲವು ವಸ್ತುಗಳಿರುವಂತೆ ಒಂದು ವಸ್ತುವಿಗೆ ಎರಡು ಹೆಸರುಗಳೂ ಉಂಟು. ಚಂಪಾವತದ ನರಭಕ್ಷಕ ಹೆಣ್ಣುಹುಲಿಯನ್ನು 1907ರಲ್ಲಿ ಕೊಂದುದಕ್ಕಾಗಿ ಜಿಮ್ ಕಾರ್ಬೆಟ್ಟರಿಗೆ ಸಂಯುಕ್ತ ಪ್ರಾಂತದ ಲೆಫ್ಟಿನೆಂಟ್ ಗವರ್ನರರು ಒಂದು ರೈಫಲನ್ನು ಬಹುಮಾನವಾಗಿ ಕೊಟ್ಟರು. ಅದು .275 ರಿಗ್ಬಿ. ಆ ಹೆಸರು ಅಚ್ಚ ಇಂಗ್ಲಿಷಿನದಾಗಿ ಕಂಡರೂ ತೋಟಾ ಹುಟ್ಟಿದುದು ಜರ್ಮನಿಯ ಮೌಸರ್ ಕಾರ್ಖಾನೆಯಲ್ಲಿ, 1890ರ ದಶಕದಲ್ಲಿ. ಅದರ ಮೂಲ ಹೆಸರು 7×57. ಮೊದಲನೆಯದು ಮಿಲಿಮೀಟರುಗಳಲ್ಲಿ ನಳಿಗೆಯ ವ್ಯಾಸ, ಎರಡನೆಯದು ಕೋಶದ ಉದ್ದ. 7 ಮಿಲಿಮೀಟರನ್ನು ಅಂಗುಲಕ್ಕೆ ತಿರುಗಿಸಿದರೆ .275 ಬರುತ್ತದೆ, ಇಂಗ್ಲೆಂಡಿನ ಗಿರಾಕಿಗಾಗಿ ರಿಗ್ಬಿಯವರು ಮಾಡಿದ ಭಾಷಾಂತರ ಅಷ್ಟೆ. ಆದಕಾರಣ .275 ರಿಗ್ಬಿ ಎಂದು ಕೆತ್ತಿದ ಬಂದೂಕಿನ ಒಡೆಯ 7×57 ಎಂಬ ಪೆಟ್ಟಿಗೆಯನ್ನು ಕಂಡು ಹಿಂಜರಿಯಬೇಕಾಗಿಲ್ಲ. ಆದರೆ ಅವನೇ .275 ಹಾಲೆಂಡ್ ಮ್ಯಾಗ್ನಮ್ ಎಂಬ ಪೆಟ್ಟಿಗೆಯನ್ನು, ಅಂಕಿ ಒಂದೇ ಎಂಬ ಭರವಸೆಯಿಂದ ಕೊಂಡರೆ ಹಣ ದಂಡ. ಅದು ಬುಡದಲ್ಲಿ ಪಟ್ಟಿಯುಳ್ಳ, ಇನ್ನೂ ದೊಡ್ಡ ಕೋಶದ ಬೇರೆಯೇ ತೋಟಾ. ಹೆಸರು ಬೇರೆಯಾದದ್ದು ಬಂಧು, ಹೆಸರು ಒಂದಾದದ್ದು ಪರಕೀಯ!

ಬೆಂಗಳೂರಿನಲ್ಲಿ ನೆಲೆಸಿ ನರಭಕ್ಷಕಗಳ ಬೇಟೆಯ ಕಥನಗಳನ್ನು ಬರೆದ ಕೆನೆತ್ ಆಂಡರ್ಸನ್ನರು ಬಳಸುತ್ತಿದ್ದ .405 ವಿಂಚೆಸ್ಟರಿನ ಗುಂಡೂ .405 ಅಲ್ಲ, .411.

ಕೆಲವೆಡೆ ಇಡೀ ಅಪಾಯ ಒಂದು ಅಕ್ಷರದಲ್ಲಿ ಅಡಗಿರುತ್ತದೆ. ಜರ್ಮನಿಯ 8×57 ತೋಟಾ 1888ರಲ್ಲಿ ಹುಟ್ಟಿದಾಗ ಅದರ ಗುಂಡಿನ ವ್ಯಾಸ .318 ಅಂಗುಲ. 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಜರ್ಮನ್ ಸೇನೆ ಅದೇ ಕೋಶದಲ್ಲಿ ಚೂಪುತುದಿಯ, .323 ವ್ಯಾಸದ ಹೊಸ ಗುಂಡನ್ನು ಕೂಡಿಸಿ ನಳಿಗೆಯ ತೋಡುಗಳನ್ನೂ ಆಳಗೊಳಿಸಿತು. ಹಳೆಯದಕ್ಕೆ 8×57 ಐ ಎಂದೂ ಹೊಸದಕ್ಕೆ 8×57 ಐಎಸ್ ಎಂದೂ ಹೆಸರು. ಐ ಎಂಬುದು ಕಾಲಾಳು ಪಡೆಯ ಸಂಕೇತ. ಜರ್ಮನರ ಹಳೆಯ ಲಿಪಿಯಲ್ಲಿ ಐ ಅಕ್ಷರವೂ ಜೆ ಅಕ್ಷರವೂ ಒಂದೇ ರೂಪದಲ್ಲಿ ಕಾಣುವುದರಿಂದ ಹೊರನಾಡಿನವರು ಅದನ್ನು ಜೆ ಎಂದೇ ಓದಿದರು; ಹಲವು ಪೆಟ್ಟಿಗೆಗಳ ಮೇಲೆ ಜೆ ಎಂದೇ ಅಚ್ಚಾಯಿತು.

ಎರಡು ಗುಂಡುಗಳಿಗಿರುವ ಅಂತರ ಅಂಗುಲದ ಸಾವಿರದಲ್ಲಿ ಐದು ಭಾಗ. ಒಂದು ದಪ್ಪ ಕಾಗದದ ಹಾಳೆಯಷ್ಟು. ಕಣ್ಣಿಗೆ ಅದು ಕಾಣದು. ಆದರೆ ಹಳೆಯ ಕಿರಿದಾದ ನಳಿಗೆಯಲ್ಲಿ ಹೊಸ ದಪ್ಪ ಗುಂಡನ್ನು ಹಾರಿಸಿದಾಗ ಒತ್ತಡ ಮಿತಿಮೀರಿ ಏರುತ್ತದೆ. ಅಮೆರಿಕದ ಕಾರ್ಖಾನೆಗಳು ಈ ತೋಟಾವನ್ನು ಇಂದಿಗೂ ಸೌಮ್ಯವಾದ ಮದ್ದಿನಿಂದ ತುಂಬುವುದು ಇದೇ ಭಯದಿಂದ. ಯಾರ ಮನೆಯ ಅಟ್ಟದ ಮೇಲೆ ಹಳೆಯ ನಳಿಗೆ ಉಳಿದಿದೆಯೋ ಯಾರು ಬಲ್ಲರು?

ಒತ್ತಡವೆಂದರೆ ಎಷ್ಟು? ಮೋಟಾರು ಗಾಡಿಯ ಚಕ್ರದಲ್ಲಿ ಚದರಂಗುಲಕ್ಕೆ ಸುಮಾರು 30 ಪೌಂಡು ಗಾಳಿಯೊತ್ತಡವಿರುತ್ತದೆ. .30-06 ಅಥವಾ .308 ತೋಟಾ ಸಿಡಿದ ಕ್ಷಣದಲ್ಲಿ ಅದರ ಗೂಡಿನೊಳಗೆ ಚದರಂಗುಲಕ್ಕೆ ಸುಮಾರು 60,000 ಪೌಂಡು ಒತ್ತಡ ಏಳುತ್ತದೆ. ಎರಡು ಸಾವಿರ ಪಟ್ಟು! ಆ ಗೂಡಿನಿಂದ ಕೆಲವೇ ಅಂಗುಲಗಳಾಚೆ ಗುರಿಕಾರನ ಕಣ್ಣು. ಹಿತ್ತಾಳೆಯ ಕೋಶ ಗೂಡಿನ ಗೋಡೆಗೆ ಅಂಟಿಕೊಂಡು ನಿಂತಿರುವವರೆಗೆ ಮಾತ್ರ ಆ ಬೆಂಕಿ ಮುಂದಕ್ಕೆ ಹೋಗುತ್ತದೆ. ಕೋಶ ಚಿಕ್ಕದಾಗಿ, ಗೂಡು ದೊಡ್ಡದಾಗಿದ್ದರೆ ಹಿತ್ತಾಳೆ ಹರಿದು, ಉರಿಯುವ ಅನಿಲ ಹಿಂದಕ್ಕೆ ನುಗ್ಗುತ್ತದೆ.

ತಪ್ಪು ತೋಟಾ ಗೂಡಿಗೆ ಹೋಗುವುದಾದರೂ ಹೇಗೆ ಎಂಬ ಪ್ರಶ್ನೆಗೆ ಉತ್ತರ ತೋಟಾಗಳ ನೆಂಟಸ್ತಿಕೆಯಲ್ಲಿದೆ. ಮೌಸರನ 7×57, 8×57, ಅಮೆರಿಕದ .30-06, .270, .280, .308, .243 ಇವೆಲ್ಲವುಗಳ ತಳದ ವ್ಯಾಸ ಸುಮಾರು 12 ಮಿಲಿಮೀಟರು. ಇವು ಒಂದೇ ಕುಟುಂಬ. .30-06ರ ಕೋಶದ ಕುತ್ತಿಗೆಯನ್ನು ಹಿಸುಕಿದರೆ .270ರ ರೂಪ; .308ರ ಕುತ್ತಿಗೆಯನ್ನು ಹಿಸುಕಿದರೆ .243. ತಳ ಒಂದೇ ಆದುದರಿಂದ ಬಂದೂಕಿನ ಬೋಲ್ಟು ಇವುಗಳಲ್ಲಿ ಯಾವುದನ್ನಾದರೂ ಮರ್ಯಾದೆಯಿಂದಲೇ ಹಿಡಿದುಕೊಳ್ಳುತ್ತದೆ. .308ರ ಕೋಶದ ಉದ್ದ 51 ಮಿಲಿಮೀಟರು, .30-06ರದು 63. ಎರಡರ ಗುಂಡೂ .308 ವ್ಯಾಸದ್ದೇ. ಗಡಿಬಿಡಿಯಲ್ಲಿ ಚಿಕ್ಕದನ್ನು ದೊಡ್ಡದರ ಗೂಡಿಗೆ ನೂಕಿದರೆ ಬೋಲ್ಟು ಮುಚ್ಚಿಕೊಳ್ಳುತ್ತದೆ, ಬಂದೂಕು ಸಿಡಿಯುತ್ತದೆ; ಕೋಶ ಮಾತ್ರ ಒಡೆದು ಹೊರಬರುತ್ತದೆ.

ವ್ಯಾಪಾರದ ಆತುರದಿಂದ ಹೆಸರು ಬದಲಿಸಿ ಪೇಚಿಗೆ ಸಿಕ್ಕಿದವರೂ ಇದ್ದಾರೆ. ಅಮೆರಿಕದ ರೆಮಿಂಗ್ಟನ್ ಸಂಸ್ಥೆ 1957ರಲ್ಲಿ .280 ಎಂಬ ತೋಟಾವನ್ನು ತಂದಿತು. ಅದರ ಮಾರಾಟ ನಿರೀಕ್ಷಿಸಿದಷ್ಟು ಏರಲಿಲ್ಲ. ಅದೇ ಸಂಸ್ಥೆಯ 7 ಮಿಲಿಮೀಟರ್ ಮ್ಯಾಗ್ನಮ್ ಆ ವೇಳೆಗೆ ಬಹು ಜನಪ್ರಿಯವಾಗಿತ್ತು. ಆ ಜನಪ್ರಿಯತೆಯ ನೆರಳು ಇದಕ್ಕೂ ಬೀಳಲೆಂದೋ ಏನೋ, 1979ರಲ್ಲಿ .280ಕ್ಕೆ 7 ಮಿಲಿಮೀಟರ್ ಎಕ್ಸ್‌ಪ್ರೆಸ್ ಎಂದು ಮರುನಾಮಕರಣವಾಯಿತು. ಗಿರಾಕಿಗಳು ಎಕ್ಸ್‌ಪ್ರೆಸ್ಸನ್ನೂ ಮ್ಯಾಗ್ನಮನ್ನೂ ಒಂದೆಂದು ಭಾವಿಸತೊಡಗಿದರು. ತೆಳುವಾದ ಎಕ್ಸ್‌ಪ್ರೆಸ್ ಕೋಶ ಮ್ಯಾಗ್ನಮ್ಮಿನ ವಿಶಾಲವಾದ ಗೂಡಿಗೆ ಸಡಿಲವಾಗಿ ಇಳಿಯುತ್ತದೆ. ಅದರ ಪರಿಣಾಮ ಮೇಲೆ ಹೇಳಿದಂತೆಯೇ. ಕೆಲಕಾಲದಲ್ಲಿಯೇ ಸಂಸ್ಥೆ ಹಳೆಯ .280 ಎಂಬ ಹೆಸರಿಗೇ ಮರಳಬೇಕಾಯಿತು.

ಇದಕ್ಕಿಂತ ಈಚಿನ ಉದಾಹರಣೆ .300 ಬ್ಲ್ಯಾಕ್‌ಔಟ್. ಸೇನಾ ಬಂದೂಕುಗಳ ಮಾದರಿಯ .223 ರೈಫಲುಗಳ ಬೋಲ್ಟಿಗೂ ಮ್ಯಾಗಜೀನಿಗೂ ಒಗ್ಗುವಂತೆ ಅದನ್ನು ಬೇಕೆಂದೇ ರೂಪಿಸಲಾಗಿದೆ. ನಳಿಗೆಯೊಂದನ್ನು ಬದಲಿಸಿದರೆ ಸಾಕು. ಅನುಕೂಲವೇ ಇಲ್ಲಿ ಅಪಾಯವೂ ಆಗಿದೆ. ನಳಿಗೆ ಬದಲಿಸುವುದನ್ನು ಮರೆತು .223ರ ಸಣ್ಣ ನಳಿಗೆಗೆ ಈ ದಪ್ಪ ಗುಂಡನ್ನು ಹಾರಿಸಿದವರ ರೈಫಲುಗಳು ಸೀಳಿಹೋಗಿವೆ.

ನಮ್ಮ ಸೇನೆಯ ಕೋಠಿಯಲ್ಲಿಯೂ ಇಂತಹ ಸಮನಾಮಿಗಳುಂಟು. 1960ರ ದಶಕದಲ್ಲಿ ಕಲ್ಕತ್ತೆಯ ಬಳಿಯ ಇಶಾಪುರದ ರೈಫಲ್ ಕಾರ್ಖಾನೆ ಹಳೆಯ .303 ಬಂದೂಕಿನ ವಿನ್ಯಾಸವನ್ನೇ ಉತ್ತಮವಾದ ಉಕ್ಕಿನಿಂದ ಮಾಡಿ, ನೇಟೋ ದೇಶಗಳ 7.62×51 ತೋಟಾಕ್ಕೆ ಹೊಂದಿಸಿ, 2ಎ1 ಎಂಬ ರೈಫಲನ್ನು ತಯಾರಿಸಿತು. ದೂರದಿಂದ ನೋಡಿದರೆ ಅದು ತ್ರೀ ನಾಟ್ ತ್ರೀಯೇ. ಚೌಕಾಕಾರದ ಮ್ಯಾಗಜೀನೊಂದೇ ಸುಲಭವಾದ ಗುರುತು. ಆದರೆ .303ರ ತೋಟಾಕ್ಕೆ ಬುಡದಲ್ಲಿ ಹೊರಚಾಚಿದ ಅಂಚಿದೆ, ಕೋಶದ ಉದ್ದ 56 ಮಿಲಿಮೀಟರು. 2ಎ1ರ ತೋಟಾಕ್ಕೆ ಅಂತಹ ಅಂಚಿಲ್ಲ. ರೂಪದಲ್ಲಿ ಅವಳಿಗಳಾದ ಬಂದೂಕುಗಳಿಗೆ ಆಹಾರ ಮಾತ್ರ ಬೇರೆ.

ಇನ್ನು 7.62 ಎಂಬ ಅಂಕಿಯ ಕಥೆ. ಝಾರರ ರಷ್ಯದಲ್ಲಿ ಅಂಗುಲದ ಹತ್ತನೆಯ ಒಂದು ಭಾಗಕ್ಕೆ ಗೆರೆ ಎಂದು ಹೆಸರು. ಮೂರು ಗೆರೆ ಎಂದರೆ .30 ಅಂಗುಲ, ಅಂದರೆ 7.62 ಮಿಲಿಮೀಟರು. 1891ರ ರಷ್ಯನ್ ಬಂದೂಕಿಗೆ ಮೂರು ಗೆರೆಯ ಬಂದೂಕೆಂದೇ ಹೆಸರಿತ್ತು. ಅದರ 7.62×54 ತೋಟಾ ನಮ್ಮ ಸೇನೆಯಲ್ಲಿ ದೀರ್ಘಕಾಲ ಬಳಕೆಯಾದ ಡ್ರಾಗುನೋವ್ ಗುರಿಕಾರ ರೈಫಲಿನ ಆಹಾರ. 2019ರಲ್ಲಿ ನಮ್ಮ ಸೇನೆ ಕೊಳ್ಳಲೊಪ್ಪಿದ 72,400 ಸಿಗ್ 716 ರೈಫಲುಗಳದು ನೇಟೋ ಮಾದರಿಯ 7.62×51. ಅಮೇಥಿಯ ಕೋರ್ವಾದಲ್ಲಿ ತಯಾರಾಗುವ ಎಕೆ-203 ರೈಫಲಿನದು 7.62×39. ಮೂರಕ್ಕೂ ಹೆಸರು ಸೆವೆನ್ ಸಿಕ್ಸ್‌ಟಿಟೂ. ಗುಣಾಕಾರ ಚಿಹ್ನೆಯ ಆಚೆಗಿನ ಅಂಕಿಯನ್ನು ಬಿಟ್ಟು ಬರಿಯ 7.62ರ ಹತ್ತು ಪೆಟ್ಟಿಗೆ ಎಂದು ಬೇಡಿಕೆ ಕಳುಹಿಸಿದರೆ, ಬೆಟ್ಟದ ತುದಿಯ ಕಾವಲುಠಾಣೆಗೆ ಪೆಟ್ಟಿಗೆಗಳು ತಲಪಿಯೂ ಬಂದೂಕುಗಳು ಬರಿದಾಗಿಯೇ ಉಳಿದಾವು.

ಪರವಾನಗಿ ಪಡೆದ ನಾಗರಿಕರಿಗೆ ಇಶಾಪುರದ ಕಾರ್ಖಾನೆ ಮಾರುವ .315 ರೈಫಲಿನ ಹೆಸರಿನಲ್ಲಿಯೂ ಇದೇ ಬಗೆಯ ಒಗಟಿದೆ. ಸೇನೆಯ .303 ತೋಟಾ ಜನಸಾಮಾನ್ಯರಿಗೆ ಸಲ್ಲದ್ದಾದುದರಿಂದ, ಆಸ್ಟ್ರಿಯದ ಹಳೆಯ 8×50 ಮಾನ್ಲಿಖರ್ ತೋಟಾದ ಆಧಾರದ ಮೇಲೆ ಈ ಬೇರೆಯ ತೋಟಾ ಬಳಕೆಗೆ ಬಂದಿತು. .315 ಅಂಗುಲವೆಂದರೆ 8 ಮಿಲಿಮೀಟರೇ. ಹಾಗೆಂದು ಜರ್ಮನಿಯ 8×57 ಇದಕ್ಕೆ ಸಲ್ಲದು. ಎಂಟೆಂಬ ಅಂಕಿಯನ್ನುಳಿದು ಅವೆರಡಕ್ಕೂ ನೆಂಟಸ್ತಿಕೆಯಿಲ್ಲ.

ಕೊಡಗು ಮಲೆನಾಡುಗಳ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ರೈಫಲಲ್ಲ, ತೋಟಾಕೋವಿ. ಅದರ ಲೆಕ್ಕವೇ ಬೇರೆ. ಒಂದು ಪೌಂಡು ಸೀಸದಿಂದ ಸಮಗಾತ್ರದ 12 ಗುಂಡು ಮಾಡಿದರೆ ಅವುಗಳಲ್ಲೊಂದು ಹಿಡಿಸುವ ನಳಿಗೆ ಹನ್ನೆರಡು ಬೋರು. 20 ಗುಂಡು ಮಾಡಿದರೆ ಇಪ್ಪತ್ತು ಬೋರು. ಇಲ್ಲಿ ಅಂಕಿ ಏರಿದಂತೆ ನಳಿಗೆ ಕಿರಿದಾಗುತ್ತದೆ. ಇಪ್ಪತ್ತರ ತೋಟಾವನ್ನು ಮರೆತು ಹನ್ನೆರಡರ ಕೋವಿಗೆ ಹಾಕಿದರೆ ಅದು ಜಾರಿ ನಳಿಗೆಯೊಳಗೆ ಸಿಕ್ಕಿಕೊಳ್ಳುತ್ತದೆ. ಈಡು ಹಾರಲಿಲ್ಲವೆಂದು ಅದರ ಹಿಂದೆ ಹನ್ನೆರಡರ ತೋಟಾವನ್ನು ತುಂಬಿ ಹೊಡೆದರೆ ನಳಿಗೆ ಸೀಳುತ್ತದೆ, ಎಡಗೈ ಹೋಗುತ್ತದೆ. ಈ ದುರಂತವನ್ನು ತಪ್ಪಿಸಲೆಂದೇ ತಯಾರಕರು ಇಪ್ಪತ್ತರ ತೋಟಾಕ್ಕೆ ಹಳದಿ ಬಣ್ಣ ಕೊಡುವ ರೂಢಿಯನ್ನು ತಂದರು.

ರೈಫಲಿನ ತೋಟಾಕ್ಕೆ ಆ ಭಾಗ್ಯವೂ ಇಲ್ಲ. ಎಲ್ಲವೂ ಹಿತ್ತಾಳೆಯ ಬಣ್ಣದವೇ. ಅದರ ನಿಜವಾದ ಗುರುತು ಇರುವುದು ಬುಡದಲ್ಲಿ, ಕೇಪಿನ ಸುತ್ತ ಒತ್ತಿದ ಸಣ್ಣ ಅಕ್ಷರಗಳಲ್ಲಿ. ನಾಗರಿಕ ಬಳಕೆಯ ತೋಟಾದ ಮೇಲೆ ಅದರ ಹೆಸರು ಪೂರ್ತಿಯಾಗಿ ಇರುತ್ತದೆ. ಬಂದೂಕಿನ ನಳಿಗೆಯ ಮೇಲೂ ಹೆಸರನ್ನು ಕೆತ್ತಿರುತ್ತಾರೆ. ಮಾರುವವನ ಬಾಯಿಮಾತು, ಮೇಲಿನ ರಟ್ಟಿನ ಪೆಟ್ಟಿಗೆ, ಅಜ್ಜನ ಕಾಲದಿಂದ ಮನೆಯಲ್ಲಿ ರೂಢಿಯಾದ ಅಡ್ಡಹೆಸರು ಇವಾವುವೂ ಸಾಕ್ಷಿಗೆ ಸಾಲವು. ಅಂಕಿ, ಅದರ ಮುಂದಿನ ಅಂಕಿ, ಕೊನೆಯ ಅಕ್ಷರ, ಮನೆತನದ ಹೆಸರು ಇವಿಷ್ಟೂ ಎರಡೂ ಕಡೆಗಳಲ್ಲಿ ಒಂದೇ ಆಗಿರಬೇಕು. ನಳಿಗೆಯ ಮೇಲಿನ ಅಕ್ಷರ ಸವೆದುಹೋಗಿದ್ದರೆ ಗೂಡನ್ನು ಅಳೆಯಬಲ್ಲ ಕುಶಲನಿಗೆ ಬಂದೂಕನ್ನು ಮೊದಲು ತೋರಿಸಬೇಕು. ಅಲ್ಲಿಯವರೆಗೆ ತೋಟಾ ಪೆಟ್ಟಿಗೆಯಲ್ಲಿಯೇ ಇರುವುದು ಒಳ್ಳೆಯದು.